ಹಬೆಯ ಬಾಯಿಗೆ ಗಂಟು

"ಏ ಸುಂಕ್ಲಿ, ಗೂಟ ಬಡದಂಗ ನಿಂತಿಯಲ್ಲ, ಬಾಯಾಗ ಮಣ್ಣ ಇಟಗೊಂಡಿಯೇನು? ಕಾಲಿಗೆ ಬೀಳು, ಹೇಳು. ನನ್ನ ಗಂಡ ಮುಟ್ಟಬಾರದ್ದು ಮುಟ್ಟಿದ, ಅದಕ್ಕ ಸುಟ್ಟು ಸತ್ತ. ಇಷ್ಟ ಹೇಳಾಕ ನಾಲಿಗಿ ಹೊಳ್ಳಂಗಿಲ್ಲೇನು ನಿಂದು?"

ರೈಸ್‌ಮಿಲ್ಲಿನ ಆಫೀಸಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಸಾವ್ಕಾರ ಪ್ರಭುರಾಜ ಎಲೆಅಡಿಕೆಯ ರಸವನ್ನು ಪಿಚಕ್ಕನೆ ಉಗುಳಿದ. ಅದು ಸುಂಕಲಮ್ಮನ ಕಾಲಿನಿಂದ ಒಂದು ಗೇಣು ದೂರದಲ್ಲಿ ಬಿತ್ತು. ಅವಳು ಕಾಲು ಸರಿಸಲಿಲ್ಲ. ಕಟ್ಟೆಯ ಕೆಳಗೆ, ಕುದಿಸಿದ ಭತ್ತ ಹರವಿದ ಕಣದ ಅಂಚಿನಲ್ಲಿ, ನೆತ್ತಿಯ ಮೇಲೆ ಬಿಸಿಲು ಹೊತ್ತು ನಿಂತಿದ್ದಳು. ಗಂಡ ಓಬಳೆಪ್ಪ ಸತ್ತು ಇಪ್ಪತ್ತೊಂದು ದಿನವಾಗಿತ್ತು. ಅವನು ಇದೇ ಮಿಲ್ಲಿನ ಬಾಯ್ಲರಿಗೆ ಹನ್ನೊಂದು ವರ್ಷ ಉರಿ ಹಾಕಿದವನು.

"ಅಂವ ಮುಟ್ಟಿಲ್ರಿ," ಅಂದಳು.

"ಮುಟ್ಟಿಲ್ಲಂದ್ರ ದೇವಿ ಸುಮ್‌ಸುಮ್ನ ಸುಟ್ಲೇನು? ಆಕಿಗೇನ್ ಹುಚ್ಚ ಹಿಡದಿತ್ತ?"

ಪಕ್ಕದಲ್ಲಿ ಕೂತು ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದ ಪೂಜೆಯ ಅಯ್ಯನವರು ತಲೆ ಎತ್ತಿದರು. "ಬೈಬ್ಯಾಡೋ ಪ್ರಭಣ್ಣ. ಕೇರಿ ಮಂದಿಗೆ ತಿಳಿವಳಿಕಿ ಎಲ್ಲಿಂದ ಬರಬೇಕು. ನೋಡವಾ, ಅಮಾಸಿಗೆ ಇನ್ನ ನಾಕ ದಿನ ಐತಿ. ಅವತ್ತ ತಲಿಮ್ಯಾಲ ನೀರ ಹಾಕ್ಕೊಂಡು, ಹಸಿ ಸೀರಿಲೆ ಬಾ. ಬಾಯ್ಲರಿಗೆ ಐದ ಸುತ್ತ ಹಾಕು. ಸುತ್ತಿಗೊಮ್ಮಿ ಅಡ್ಡಬೀಳು. ಕಡೀಕ ಎಲ್ಲಾ ಹಮಾಲರು ಕೇಳಂಗ ತಪ್ಪ ಒಪ್ಕೋ. ಮೈಲಿಗಿ ಹೋಕ್ಕೈತಿ. ನಿನ್ನ ಗಂಡಗೂ ಗತಿ ಸಿಗ್ತೈತಿ."

"ಇಲ್ಲಂದ್ರ?"

ಪ್ರಭುರಾಜ ನಕ್ಕ. "ಇಲ್ಲಂದ್ರ ಕೇಳ್ತಾಳ ನೋಡ್ರಿ. ಇಲ್ಲಂದ್ರ ನಿನ್ನ ಮೈದುನ ಅದಾನಲ್ಲ, ರವಿ, ಬಾಯ್ಲರಿಗೆ ಹಚ್ಚೀನಲ್ಲ ಈಗ, ಅಂವ ಹೊರಗ. ಕಣದಾಗ ಭತ್ತ ತಿರವತಾರಲ್ಲ ನಿಮ್ಮ ಕೇರಿ ಹೆಂಗಸ್ರು, ಅವ್ರೂ ಹೊರಗ. ಸಿದ್ದಾಪುರದಿಂದ ಲಾರಿ ಕಳಿಸಿದ್ರ ನಾಳೆ ಮುಂಜಾನಿಗೆ ಐವತ್ತ ಮಂದಿ ಬರ್ತಾರ. ಬರೀ ನಿನ್ನ ಸೊಕ್ಕಿಗೆ ಅಷ್ಟೂ ಮನಿ ಒಲಿ ಆರಸ್ತಿ ಏನ್ ನೋಡು."

ಕಣದಲ್ಲಿ ಭತ್ತ ತಿರುವುತ್ತಿದ್ದ ಹೆಂಗಸರ ಕಾಲು ನಿಂತಿದ್ದವು. ಸುಂಕಲಮ್ಮ ಅವರತ್ತ ಒಮ್ಮೆ ನೋಡಿದಳು.

"ಬರ್ತೀನ್ರಿ ಅಮಾಸಿಗೆ," ಅಂದಳು.

ಮಿಲ್ಲಿನ ಬಾಯ್ಲರ್ ಅಂದರೆ ಮಲಗಿದ ಆನೆಯಷ್ಟು ದೊಡ್ಡ ಕಬ್ಬಿಣದ ಪೀಪಾಯಿ. ಕೆಳಗೆ ಭತ್ತದ ಹೊಟ್ಟಿನ ಉರಿ, ಒಳಗೆ ನೀರು, ಮೇಲೆ ಹಬೆ. ಆ ಹಬೆ ಕೊಳವೆಯಲ್ಲಿ ಹಾದು ಕೊಪ್ಪರಿಗೆಗಳಿಗೆ ಹೋಗಿ ಭತ್ತ ಬೇಯಿಸಬೇಕು. ಹಬೆ ಹೆಚ್ಚಾದರೆ ತಾನಾಗಿ ಎದ್ದು ಉಸಿರು ಬಿಡಲು ನೆತ್ತಿಯ ಮೇಲೊಂದು ಬಾಯಿ ಇರುತ್ತದೆ. ಅದರ ಮೇಲೊಂದು ಉದ್ದ ಸಲಾಕೆ, ಸಲಾಕೆಯ ತುದಿಗೆ ಅಳತೆ ಮಾಡಿ ತೂಗಿಬಿಟ್ಟ ಗುಂಡು. ಗಡಿಯಾರದಂಥ ಗೇಜಿನ ಮುಳ್ಳು ಏಳಕ್ಕೆ ಬಂದರೆ ಸಲಾಕೆ ಎದ್ದು ಹಬೆ ಹೊರಗೆ ನುಗ್ಗಬೇಕು. ಮನೆಯ ಕುಕ್ಕರಿನ ಹಾಗೇ ಕೂಗುತ್ತದೆಂದು ಹಮಾಲರು ಅದಕ್ಕೆ ಸೀಟಿ ಅನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಅಯ್ಯನವರು ಬಂದಾಗ ಆ ಸೀಟಿ ಕೂಗಿತು. ಅಯ್ಯನವರು ಕಿವಿಯ ಮೇಲೆ ಕೈಯಿಟ್ಟು, "ಪ್ರಭಣ್ಣ, ಲಕ್ಷ್ಮಿ ಅಳಕೋತ ಹೊರಗ ಹೊಂಟಾಳಲ್ಲೋ, ಬಾಯಿ ಕಟ್ಟು," ಅಂದರು. ಪ್ರಭುರಾಜನಿಗೂ ಅಷ್ಟೇ ಬೇಕಿತ್ತು. ಸೀಟಿ ಕೂಗಿದಾಗೆಲ್ಲ ಹೊಟ್ಟು ದಂಡವಾಗುತ್ತದೆಂದು ಅವನ ಹೊಟ್ಟೆ ಉರಿಯುತ್ತಿತ್ತು. ಅಮಾವಾಸ್ಯೆಯ ದಿನ ಕೆಂಪು ಬಟ್ಟೆಯ ಗಂಟೊಂದನ್ನು ಸಲಾಕೆಯ ತುದಿಗೆ ತೂಗುಬಿಟ್ಟು ಏಳು ಗಂಟು ಹಾಕಿದ. ಒಳಗೆ ತೆಂಗಿನಕಾಯಿ, ಅರಿಷಿಣಕೊಂಬು, ದೇವಿಯ ದಿಗ್ಬಂಧನ ಅಂತ ಊರಿಗೆಲ್ಲ ಹೇಳಿದರು. ಭತ್ತ ತೂಗುವ ಕಾಟಾದ ಮನೆಯಿಂದ ಐದು ಕಿಲೋದ ಕಬ್ಬಿಣದ ತೂಕದ ಕಲ್ಲು ಅದೇ ದಿನ ಮಾಯವಾಗಿದ್ದನ್ನು ಓಬಳೆಪ್ಪ ನೋಡಿದ್ದ. ಹಮಾಲರ ಮೇಸ್ತ್ರಿ ಬಡೇಸಾಬನೂ ನೋಡಿದ್ದ. ಇಬ್ಬರೂ ಬಾಯಿ ಬಿಡಲಿಲ್ಲ. ದೇವರ ಗಂಟು, ಕೇರಿಯವರು ಮುಟ್ಟುವಂತಿಲ್ಲ, ನೆರಳೂ ಬೀಳುವಂತಿಲ್ಲ. ಅದರ ಕೆಳಗೆ ನಿಂತು ಉರಿ ಹಾಕಲು ಮಾತ್ರ ಕೇರಿಯವರೇ ಬೇಕು.

ತಪಾಸಣೆಗೆ ಬಂದ ಸಾಹೇಬನೊಬ್ಬ ತಲೆ ಎತ್ತಿ, "ಏನ್ರೀ ಅದು?" ಅಂದಿದ್ದ. "ದೇವರ್ರಿ," ಅಂದರು. ಅವನು ಬೂಟು ಕಳಚಿ ಕೈಮುಗಿದು, ಚಹಾ ಕುಡಿದು, ಸಹಿ ಹಾಕಿ ಹೋದ.

"ಎತ್ತಿನ ಬಾಯಿ ಕಟ್ಟಬೌದು ಸುಂಕಿ," ಓಬಳೆಪ್ಪ ರೊಟ್ಟಿ ಮುರಿಯುತ್ತ ಹೇಳುತ್ತಿದ್ದ. "ಮೂಗ ಕಟ್ಟಿದ್ರ ಉಳಿಯಂಗಿಲ್ಲ. ಈ ಸೂಳಿಮಕ್ಳು ಮೂಗ ಕಟ್ಯಾರ."

"ಮತ್ತ ಬಿಟ್ಟ ಬಾ ಆ ಕೆಲಸ."

"ಬಿಟ್ರ ಇನ್ನೊಬ್ಬಾಂವ ಬರ್ತಾನ. ಅಂವಗ ಬಾಯ್ಲರ್ ಗೊತ್ತಿರಂಗಿಲ್ಲ. ನಾ ಆದ್ರ ಏಳು ದಾಟಿಸೋದಿಲ್ಲ, ಉರಿ ಕಡಿಮಿ ಮಾಡ್ತೀನಿ, ಹಬಿ ಕೊಪ್ಪರಿಗಿಗೆ ಹೊಡೀತೀನಿ."

ಅವನ ಜಾಣತನ ನಡೆಯದ ಹೊತ್ತೊಂದಿತ್ತು. ಅದು ಅಮಾವಾಸ್ಯೆಯ ಪೂಜೆಯ ಹೊತ್ತು. ಆಗ ಮಿಲ್ಲು ನಿಲ್ಲಬೇಕು, ಕೊಪ್ಪರಿಗೆಗೆ ಹೋಗುವ ಹಬೆ ಬಂದ್ ಆಗಬೇಕು. ಆದರೆ ಬಾಯ್ಲರಿನ ಒಲೆ ಮಾತ್ರ ಮಂಗಳಾರತಿ ಆಗುವವರೆಗೂ ಧಗಧಗ ಉರಿಯಬೇಕು, ದೇವಿಯ ದೀಪ ಅದು, ಮಂದವಾದರೂ ಅಪಶಕುನ. ಹೋಗಲು ದಾರಿಯಿಲ್ಲ, ಉಸಿರಾಡಲು ಬಾಯಿಲ್ಲ, ಕೆಳಗೆ ಉರಿ. ಕಾಲು ಗಂಟೆಯ ಪೂಜೆಯಾದ್ದರಿಂದ ಮೂರು ವರ್ಷ ಹೇಗೋ ನಡೆಯಿತು. ಹೋದ ಅಮಾವಾಸ್ಯೆಗೆ ಕೊಪ್ಪಳದಿಂದ ಸಾವ್ಕಾರನ ಬೀಗರು ಬರುವುದು ತಡವಾಯಿತು. ಅವರು ಬರುವವರೆಗೆ ಆರತಿ ಎತ್ತಲಿಲ್ಲ. ಪೂಜೆ ಒಂದು ತಾಸು ಎಳೆಯಿತು.

ಆಸ್ಪತ್ರೆಯಲ್ಲಿ, ಬಾಳೆಎಲೆಯ ಮೇಲೆ ಮಲಗಿಸಿದ್ದ ಓಬಳೆಪ್ಪ ಸಾಯುವ ಮೊದಲು ಅದನ್ನೆಲ್ಲ ಬಿಡಿಬಿಡಿಯಾಗಿ ಹೇಳಿದ್ದ. ಅವನ ಕುತ್ತಿಗೆಯಿಂದ ತೊಡೆಯವರೆಗೆ ಚರ್ಮ ಇರಲಿಲ್ಲ.

"ಮುಳ್ಳು ಹನ್ನೊಂದು ದಾಟಿತ್ತು. ಏಣಿ ಹತ್ತಿ ಗಂಟಿಗೆ ಕೈ ಚಾಚಿದ್ನಿ. ಇಷ್ಟ ದೂರ ಇತ್ತು ಸುಂಕಿ, ಒಂದ ಬೆರಳು. ಮುಟ್ಟಬ್ಯಾಡಲೇ ಅಂತ ಒದರಿದ ಸಾವ್ಕಾರ. ಕೈ ಹಿಂದಕ್ಕ ತಗೊಂಡ್ನಿ."

"ಯಾಕ ತಗೊಂಡಿ?"

ಅವನು ಮಾಡಿನ ಫ್ಯಾನಿನತ್ತ ಕಣ್ಣು ತಿರುಗಿಸಿದ. "ರೂಢಿ," ಅಂದ.

ಕೈ ಹಿಂದೆಗೆದು ಕೆಳಗಿಳಿದು ಉರಿ ಎಳೆಯಲು ಬಗ್ಗಿದಾಗ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಅವನ ಎದೆಗೆ ನೇರ ಒಡೆದಿತ್ತು. ಅದಕ್ಕಿರಬೇಕಾದ ಜಾಳಿಗೆಯ ಕವಚ ಎಂದೋ ಗುಜರಿಗೆ ಹೋಗಿತ್ತು. ಸುಟ್ಟ ಮೈಗೆ ಅಯ್ಯನವರು ವಿಭೂತಿ ಬಳಿಸಿದರು. ಸಾವ್ಕಾರನ ಕಾರು ಅಲ್ಲೇ ನಿಂತಿತ್ತು. ಆರತಿ ಆಗಲಿ, ನಡುವೆ ಎದ್ದರೆ ಇನ್ನೂ ಕೆಡಕು ಅಂದರು. ಆರತಿ ಆಗುವವರೆಗೆ ಅವನು ಹೊಟ್ಟಿನ ರಾಶಿಯ ಮೇಲೆ ಹೊರಳಾಡಿದ. ಐದನೆಯ ದಿನ ತೀರಿಕೊಂಡ. ಆರನೆಯ ದಿನ ಊರ ತುಂಬ ಒಂದೇ ಮಾತು: ಓಬಳ್ಯಾ ದೇವರ ಗಂಟು ಮುಟ್ಟಿದ, ದೇವಿ ಸುಟ್ಟಳು. ಬಾಯ್ಲರಿಗೆ ಹೊಸ ಗಾಜು ಬಂತು. ಗಂಟು ಹಾಗೇ ಉಳಿಯಿತು. ಅದರ ಕೆಳಗೆ ರವಿಕುಮಾರನನ್ನು ತಂದು ನಿಲ್ಲಿಸಿದರು.

ರವಿಕುಮಾರ ಓಬಳೆಪ್ಪನ ತಮ್ಮ. ಮೂವತ್ತೈದು ದಾಟಿದವನು, ಮೂರು ಮಕ್ಕಳ ತಂದೆ, ಸಿಟ್ಟು ಮೂಗಿನ ತುದಿಯಲ್ಲೇ ಇರುವವನು. ಅವತ್ತು ಸಂಜೆ ಅತ್ತಿಗೆಯ ಮನೆ ಬಾಗಿಲಿಗೆ ಬಂದವನೇ ಹೊಸ್ತಿಲ ಮೇಲೆ ಕುಕ್ಕರಿಸಿದ.

"ಅಡ್ಡಬೀಳ್ತೀನಿ ಅಂದ್ಯಂತಲ್ಲ ಅತ್ತಿಗಿ. ಅಣ್ಣ ಸತ್ತಿದ್ದಕ್ಕ ನಾವ ತಪ್ಪ ಒಪ್ಕೋಬೇಕ? ನಾ ಒಂದ ಕುಡಗೋಲ ತಗೊಂಡ ಹೋಗಿ ಆ ಗಂಟು ಕತ್ತರಿಸಿ ಕಾಲುವಿಗೆ ಒಗೀತೀನಿ."

"ಕತ್ತರಿಸಿದ್ರ ನೀ ಕಳ್ಳ ಆಗ್ತಿ. ಪೊಲೀಸ್ರು ನಿನ್ನ ಹಲ್ಲ ಎಣಸ್ತಾರ. ಮರುದಿನ ಇನ್ನೊಂದ ಗಂಟು ಕಟ್ತಾರ, ಇನ್ನೊಬ್ಬಾಂವನ್ನ ನಿಲ್ಲಸ್ತಾರ."

"ಮತ್ತ ಏನ್ ಮಾಡೂನು, ಬಾಯಾಗ ಬೆರಳ ಇಟಗೊಂಡ ಕುಂದ್ರೂನ?"

"ಕಟ್ಟಿದ ಕೈನ ಬಿಚ್ಚಬೇಕು. ಎಲ್ಲಾರ ಮುಂದ. ಬಿಚ್ಚಿ, ಒಳಗ ಏನಿತ್ತು ಅನ್ನೋದು ಅವನ ಕಾಲ ಬುಡಕ ಬೀಳಬೇಕು. ನಿನ್ನ ಅಣ್ಣ ಮುಟ್ಟಿರಲಿಲ್ಲ ಅನ್ನೋದು ಅವತ್ತ ಎಲ್ಲಾರಿಗೂ ತಿಳೀಬೇಕು."

"ಅಂವ ಯಾಕ ಬಿಚ್ತಾನ?"

ಸುಂಕಲಮ್ಮ ಒಲೆಯ ಕಟ್ಟಿಗೆ ಮುಂದೆ ನೂಕಿದಳು. "ಅವ್ರು ಹೇಳಿದ್ದೆಲ್ಲ ಮಾಡೂನು. ಒಂದೂ ಬಿಡಲಾರ್ದಂಗ. ಉರಿ ಹಾಕು ಅಂದ್ರ ಹಾಕೂದು. ಮುಟ್ಟಬ್ಯಾಡ ಅಂದ್ರ ಮುಟ್ಟಬಾರ್ದು. ಈ ಬಾಯ್ಲರ್ ಎಷ್ಟಕ್ಕ ಒಡೀತೈತಿ?"

ರವಿ ಅವಳ ಮುಖ ನೋಡಿದ. ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಕೆಂಪ ಗೆರಿ ಹತ್ತಕ್ಕ ಐತಿ. ಹನ್ನೆರಡ ದಾಟಿದ್ರ ಯಾವನ ಅಪ್ಪಗೂ ಹೇಳಾಕ ಬರಂಗಿಲ್ಲ. ಅತ್ತಿಗಿ, ನಾವೂ ಒಳಗ ಇರ್ತೀವಿ."

"ಹೂಂ. ನಿನ್ನ ಅಣ್ಣನೂ ಒಳಗ ಇದ್ದ. ಬ್ಯಾಡಂದ್ರ ನೀ ಬಿಡು. ನಾ ಗೇಜ ನೋಡೂದು ಕಲೀತೀನಿ."

ಅವನು ಎದ್ದು ಹೋದ. ಬೆಳಿಗ್ಗೆ ಬಂದು, "ನಾ ನೋಡ್ತೀನಿ, ನಿನಗ ಆರೂ ಒಂಬತ್ತೂ ಒಂದ ಕಾಣ್ತಾವು," ಅಂದ.

ಅಮಾವಾಸ್ಯೆ ಬಂತು. ಬಾಯ್ಲರಿನ ತಗಡಿನ ಶೆಡ್ಡಿಗೆ ಬಾಳೆಕಂಬ ಕಟ್ಟಿದ್ದರು. ಶೆಡ್ಡಿಗಿದ್ದುದು ಕಣದ ಕಡೆಗೊಂದೇ ಬಾಗಿಲು, ಉಳಿದ ಮೂರು ಕಡೆ ತಗಡು ಮತ್ತು ಹೊಟ್ಟಿನ ರಾಶಿ. ಬಾಗಿಲಿನಿಂದ ಅಷ್ಟು ದೂರಕ್ಕೆ, ಗೇಟಿನ ಹತ್ತಿರ, ಅಯ್ಯನವರು ಸುಣ್ಣದ ಗೆರೆ ಎಳೆಸಿದ್ದರು. ಪೂಜೆ ಮುಗಿಯುವವರೆಗೆ ಹಮಾಲರು, ಕಣದ ಹೆಂಗಸರು ಗೆರೆಯ ಆಚೆಗೇ ನಿಲ್ಲಬೇಕು. ಮೈಲಿಗೆ ತಾಕದಷ್ಟು ದೂರ ಅದು. ಬಾಯ್ಲರ್ ಒಡೆದರೆ ಜೀವ ಉಳಿಯುವಷ್ಟು ದೂರವೂ ಹೌದೋ ಅಲ್ಲವೋ ಅಂತ ಸುಂಕಲಮ್ಮ ಕಣ್ಣಲ್ಲೇ ಅಳೆದಳು. ಬಡೇಸಾಬನ ಹತ್ತಿರ ಹೋಗಿ, "ಕಾಕಾ, ಇನ್ನ ಸ್ವಲ್ಪ ಹಿಂದಕ್ಕ ನಿಲ್ಲಸ್ರಿ ಎಲ್ಲಾರ್ನೂ. ರೋಡಿನ ಮ್ಯಾಲ," ಅಂದಳು.

ಬಡೇಸಾಬ ಮೊದಲು ಶೆಡ್ಡನ್ನೂ ಆಮೇಲೆ ಅವಳನ್ನೂ ನೋಡಿದ. "ಏ ನಡೀರಲೇ, ದೇವ್ರ ಕೆಲಸ ಐತಿ, ಅಯ್ಯನೋರಿಗೆ ನಿಮ್ಮ ಬೆವರ ನಾತ ಹೊಡೀತೈತಂತ," ಎನ್ನುತ್ತ ಎಲ್ಲರನ್ನೂ ಕುರಿ ಹೊಡೆದಂತೆ ರಸ್ತೆಗೆ ಹೊಡೆದ.

ಸುಂಕಲಮ್ಮ ನಳದ ಕೆಳಗೆ ಕೂತು ತಲೆಗೆ ನೀರು ಸುರಿದುಕೊಂಡು ಒದ್ದೆ ಸೀರೆಯಲ್ಲಿ ಒಳಗೆ ಹೋದಳು. ಅಯ್ಯನವರು ಬಾಯ್ಲರಿನ ಹೊಟ್ಟೆಗೆ ವಿಭೂತಿ ಬಳಿದು, ಗೇಜಿನ ಗಾಜಿನ ಮೇಲೂ ಮೂರು ಬೆರಳು ಎಳೆದು ನಡುವೆ ಕುಂಕುಮ ಇಟ್ಟಿದ್ದರು. ಮುಳ್ಳು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ರವಿ ಮಾತ್ರ ಓರೆಯಾಗಿ ನೋಡಿ ಓದಬಲ್ಲವನಾಗಿದ್ದ. ಅವನು ಕೊಪ್ಪರಿಗೆಯ ಹಬೆ ಬಂದ್ ಮಾಡಿದ. ಮಂತ್ರ ಶುರುವಾಯಿತು. ಪ್ರಭುರಾಜ ಬಿಳಿ ಪಂಚೆ ಉಟ್ಟು ಕೈಮುಗಿದು ನಿಂತ.

"ಹೊಟ್ಟ ಹಾಕ್ಲೇನ್ರಿ?" ಸುಂಕಲಮ್ಮ ಕೇಳಿದಳು.

"ಹಾಕಬೇ. ಒಲಿ ಆರಬಾರ್ದು."

ಒಂದು ಬುಟ್ಟಿ ಸುರಿದಳು. ಒಂದು ಸುತ್ತು ಬಂದಳು. ನೆಲಕ್ಕೆ ಮೈ ಚೆಲ್ಲಿ ಅಡ್ಡಬಿದ್ದಳು, ಎದ್ದಳು.

"ಹಾಕ್ಲೇನ್ರಿ?"

"ಹಾಕಂದ್ನೆಲ್ಲ. ಎಷ್ಟ ಸಲ ಕೇಳ್ತಿ ಮುಂಡೆ."

ಇನ್ನೊಂದು ಬುಟ್ಟಿ. ಉರಿ ಗುಡುಗಿತು. ರವಿ ಗೇಜಿನ ಕಡೆ ಕತ್ತು ಹೊರಳಿಸಿ, "ಎಂಟು," ಅಂದ.

"ಮಂತ್ರದ ನಡಬಾರಕ ಎಣಿಕಿ ಹೊಡೀತಿಯೇನಲೇ ಬೋಳಿಮಗನ. ಬಾಯಿ ಮುಚ್ಚು," ಅಂದ ಪ್ರಭುರಾಜ.

ರವಿ ಬಾಯಿ ಮುಚ್ಚಿದ. ಎರಡನೆಯ ಸುತ್ತು. ಸುಂಕಲಮ್ಮ ಯಾವ ಅವಸರವೂ ಇಲ್ಲದೆ ಸುತ್ತುತ್ತಿದ್ದಳು, ಹೆಜ್ಜೆಗೊಂದು ಹೆಜ್ಜೆ ತಾಗಿಸಿ, ಹರಕೆ ಹೊತ್ತವರ ಹಾಗೆ. ಅಡ್ಡಬಿದ್ದಾಗ ಕಿವಿ ನೆಲಕ್ಕೆ ಹತ್ತುತ್ತಿತ್ತು. ನೆಲ ಗುಂಯ್‌ಗುಡುತ್ತಿತ್ತು. ಎದ್ದು ಇನ್ನೊಂದು ಬುಟ್ಟಿ ಸುರಿದಳು. ಅವಳ ಸೀರೆಯಿಂದ ಆವಿ ಏಳತೊಡಗಿತು. ಓಬಳೆಪ್ಪ ಹೊರಳಾಡಿದ ಜಾಗಕ್ಕೆ ಬಂದಾಗ ಅವಳ ಕಾಲು ತಾನಾಗಿ ತಡೆಯಿತು. ಅಲ್ಲೂ ಅಡ್ಡಬಿದ್ದಳು, ಅದು ಲೆಕ್ಕದಲ್ಲಿರಲಿಲ್ಲ.

ಮೂರನೆಯ ಸುತ್ತಿಗೆ ಬಾಯ್ಲರಿನ ಮುಚ್ಚಳದ ಸಂದಿನಿಂದ ಚುಯ್ ಅಂತ ಎಳೆಯೊಂದು ಹಬೆ ಚಿಮ್ಮಿತು. ಅಯ್ಯನವರ ಮಂತ್ರ ನಿಂತಿತು. ಪ್ರಭುರಾಜ ತಿರುಗಿದ.

"ಎಷ್ಟಲೇ?"

"ಎಣಸಬ್ಯಾಡ ಅಂದ್ರಲ್ರಿ."

"ಹೇಳಲೇ ಭಾಡ್ಯಾ."

"ಹತ್ತೂವರಿ."

ಅಯ್ಯನವರಿಗೆ ಲೆಕ್ಕ ತಿಳಿಯದಿದ್ದರೂ ಸಾವ್ಕಾರನ ಮುಖ ತಿಳಿಯಿತು. ಆರತಿಯ ತಟ್ಟೆಯನ್ನು ಅಲ್ಲೇ ಇಟ್ಟು, ಪಂಚೆಯ ತುದಿ ಹಲ್ಲಲ್ಲಿ ಕಚ್ಚಿ, ಬಾಗಿಲಲ್ಲಿ ಅಡ್ಡಬಿದ್ದಿದ್ದ ಸುಂಕಲಮ್ಮನನ್ನು ಹಾರಿ ದಾಟಿ ಓಡಿದರು. ಆ ವಯಸ್ಸಿನಲ್ಲಿ ಅಂಥ ಜಿಗಿತ ರಸ್ತೆಯ ಮೇಲಿದ್ದವರು ನೋಡಿರಲಿಲ್ಲ. "ಅಯ್ಯನೋರು ಹೈಜಂಪ್ ಹೊಡದ್ರು ನೋಡ್ರೆ," ಅಂದಳು ಕಣದ ಹೆಂಗಸರ ಮುಂದಾಳು ಭೀಮಕ್ಕ. ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಶೆಡ್ಡಿನ ಬಾಗಿಲಿನೊಳಗೇ ಇತ್ತು.

ಪ್ರಭುರಾಜನೂ ಓಡಿಬಂದ. ಸುಂಕಲಮ್ಮ ಬಿದ್ದಲ್ಲಿಂದಲೇ ಅವನ ಎರಡೂ ಕಾಲು ಹಿಡಿದಳು.

"ಕಾಲ ಬಿಡಲೇ."

"ಕಾಲಿಗೆ ಬೀಳು ಅಂದಿದ್ರೆಲ್ರಿ ಸಾವ್ಕಾರ್ರ. ಬಿದ್ದೀನಿ."

ಅವನು ಒದ್ದ. ಅವಳ ತುಟಿ ಒಡೆಯಿತು. ಭತ್ತ ತಿರುವಿ ತಿರುವಿ ಕಟ್ಟಿಗೆಯಾದ ಕೈ ಅದು, ಸಡಿಲಲಿಲ್ಲ. "ರವ್ಯಾ, ಉರಿ ಎಳಿಯಲೇ ಹೊರಗ," ಅಂತ ಅವನು ಕೂಗಿದ.

"ಒಲಿ ಆರಬಾರದಲ್ರಿ. ಅಪಶಕುನ," ಅಂದ ರವಿ. ಓರೆಯಾಗಿ ಗೇಜಿನತ್ತ ನೋಡಿದ. "ಹನ್ನೊಂದ ಆತ್ರಿ."

ಪ್ರಭುರಾಜ ಬಗ್ಗಿ ಅವಳ ಬೆರಳು ತಿರುಚಿ ಕಾಲು ಬಿಡಿಸಿಕೊಂಡ. ಬಿಡಿಸಿಕೊಂಡವನು ಬಾಗಿಲಿಗೆ ಹೋಗದೆ ಗಾಬರಿಯಲ್ಲಿ ನೀರಿನ ಪಂಪಿನ ಸ್ವಿಚ್ಚಿಗೆ ಹಾರಿದ. "ತಣ್ಣೀರ ಬಿಡ್ತೀನಿ, ತಣ್ಣೀರ."

ರವಿ ಅವನ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದ. ಜೀವನದಲ್ಲಿ ಮೊದಲ ಸಲ ಆ ಎದೆ ಮುಟ್ಟಿದ್ದ. "ಗಾಜಿನಾಗ ನೀರ ಕಾಣಾಕತ್ತಿಲ್ಲ ನೋಡ್ರಿ. ಒಣಗಿ ಕೆಂಪಾದ ಕಬ್ಬಿಣಕ್ಕ ಈಗ ತಣ್ಣೀರ ಬಿದ್ರ ನಾವು ಮೂರೂ ಮಂದಿ ಮುನಿರಾಬಾದ ಡ್ಯಾಮಿಗೆ ಹೋಗಿ ಬೀಳ್ತೀವಿ. ಮಿಲ್ಲಿನ ಸಾವ್ಕಾರ್ರಾಗಿ ಇಷ್ಟೂ ಗೊತ್ತಿಲ್ಲೇನ್ರಿ?"

"ಗಂಟು. ಗಂಟು ಬಿಚ್ಚಲೇ. ಹತ್ತು, ಹತ್ತು ಏಣಿ."

"ನಾ ಮುಟ್ಟಂಗಿಲ್ರಿ. ನಮ್ಮಣ್ಣ ಮುಟ್ಟಿದ್ದಕ್ಕ ದೇವಿ ಸುಟ್ಟಾಳಂತ ನೀವ ಹೇಳೀರಿ."

ಅಷ್ಟರಲ್ಲಿ ಸುಂಕಲಮ್ಮ ಎದ್ದು ಬಾಗಿಲಿಗೆ ಬೆನ್ನು ಕೊಟ್ಟಿದ್ದಳು. ಬೂದಿ ಎಳೆಯುವ ಉದ್ದ ಸಲಾಕೆ ಅವಳ ಎರಡೂ ಕೈಯಲ್ಲಿ ಅಡ್ಡ ಇತ್ತು. ಗದ್ದದಿಂದ ರಕ್ತ ಒದ್ದೆ ಸೀರೆಗೆ ಇಳಿಯುತ್ತಿತ್ತು.

"ನೀವ ಕಟ್ಟೀರಿ. ನೀವ ಬಿಚ್ಚರಿ," ಅಂದಳು.

"ನಾನೂ ಸಾಯ್ತೀನಿ, ನೀನೂ ಸಾಯ್ತಿ ಹುಚ್ಚಿ."

"ನಂದೇನ್ ಉಳದೈತಿ ಸಾಯಾಕ. ಹನ್ನೊಂದೂವರಿ ಆಗಿರಬೇಕು. ಹತ್ರಿ."

ಬಾಯ್ಲರ್ ಎಲ್ಲೋ ಒಳಗಿನಿಂದ ಟಕ್ ಅಂದಿತು. ಒಂದು ಮೊಳೆ ಹಾರಿ ತಗಡಿಗೆ ಬಡಿದು ತೂತು ಮಾಡಿಕೊಂಡು ಹೋಯಿತು. ಪ್ರಭುರಾಜ ಏಣಿ ಹತ್ತಿದ.

ಏಳು ಗಂಟು, ಮೂರು ವರ್ಷದ ಎಣ್ಣೆ, ಅರಿಷಿಣ, ಬೂದಿ ಕುಡಿದು ಕಲ್ಲಾಗಿದ್ದವು. ಉಗುರು ಹತ್ತಲಿಲ್ಲ. ಹಲ್ಲು ಹಾಕಿದ. ಅಳುತ್ತಿದ್ದ, ಯಾವುದೋ ದೇವರ ಹೆಸರು, ಅವ್ವನ ಹೆಸರು, ಬೈಗುಳ, ಎಲ್ಲ ಕಲಸಿ ಬರುತ್ತಿತ್ತು. ಪಂಚೆ ಮುಂದೆ ಒದ್ದೆಯಾಗಿತ್ತು. ರಸ್ತೆಯ ಮೇಲಿದ್ದವರು ಇಷ್ಟಿಷ್ಟೇ ಮುಂದೆ ಬಂದು ಈಗ ಸುಣ್ಣದ ಗೆರೆಯ ಮೇಲೆ ನಿಂತಿದ್ದರು. ಬಡೇಸಾಬ ಎರಡೂ ಕೈ ಚಾಚಿ ತಡೆದಿದ್ದರೂ ಅವನ ಕಣ್ಣೂ ಏಣಿಯ ಮೇಲೇ ಇತ್ತು. ಕೊನೆಯ ಗಂಟು ಹರಿಯಿತು. ಕೆಂಪು ಬಟ್ಟೆ ಬಿಚ್ಚಿಕೊಂಡಿತು. ತೆಂಗಿನಕಾಯಿ ಬೀಳಲಿಲ್ಲ. ಐದು ಕಿಲೋದ ಕಬ್ಬಿಣದ ಕಲ್ಲು ಸಿಮೆಂಟಿನ ನೆಲಕ್ಕೆ ಬಿದ್ದು, ಒಂದು ಸಲ ಪುಟಿದು, ಉರುಳಿ ಬಾಗಿಲಿನ ಬೆಳಕಿಗೆ ಬಂದು ನಿಂತಿತು.

ಮೂರು ವರ್ಷ ಕಟ್ಟಿದ ಉಸಿರು ಒಂದೇ ಸಲಕ್ಕೆ ಹೊರಬಂದ ಹಾಗೆ ಬಾಯ್ಲರ್ ಕೂಗಿತು. ತಗಡು ನಡುಗಿತು. ದೂರದ ಶ್ರೀರಾಮನಗರದ ರೈತರ ಕ್ಯಾಂಪುಗಳ ತನಕ ಕೇಳಿತಂತೆ. ಬಿಳಿ ಹಬೆ ಮಾಡಿಗೆ ಬಡಿದು ಹರಡಿ ಏಣಿಯನ್ನು ಮುಚ್ಚಿತು. ಹಬೆಯ ಒಳಗಿನಿಂದ ಪ್ರಭುರಾಜ ಬಿದ್ದ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಅಂಗೈಯಿಂದ ಮೊಣಕೈವರೆಗಿನ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಸಡಿಲಾಗಿತ್ತು.

"ಈಗ ಎಳಿ ಉರಿ," ಸುಂಕಲಮ್ಮ ಅಂದಳು. ರವಿ ಅವಳ ಕೈಯಿಂದ ಸಲಾಕೆ ಕಿತ್ತುಕೊಂಡು ಕೆಂಡವನ್ನೆಲ್ಲ ಬೂದಿಗುಂಡಿಗೆ ಎಳೆದ. ಕಣ್ಣೀರಿಳಿಯುತ್ತಿದ್ದರೂ ಅವನ ಕೈ ನಿಲ್ಲಲಿಲ್ಲ.

"ಕಾರ ತಗೀರಿ. ಕಾರ," ಪ್ರಭುರಾಜ ಕಣಕ್ಕೆ ತೆವಳಿ ಬಂದು ಕೂಗಿದ.

ಗೆರೆಯ ಮೇಲೆ ನಿಂತ ಭೀಮಕ್ಕ ಸೊಂಟಕ್ಕೆ ಕೈಯಿಟ್ಟಳು. "ಆರತಿ ಆಗಿಲ್ಲಲ್ರಿ ಸಾವ್ಕಾರ್ರ. ನಡಬಾರಕ ಎದ್ರ ಕೆಡಕ ಆಕ್ಕೈತಿ."

ಎಲ್ಲಿಂದಲೋ ಬಂದ ಅಯ್ಯನವರು ವಿಭೂತಿ ಗಟ್ಟಿ ಹಿಡಿದು ಬಗ್ಗಿದರು. ಪ್ರಭುರಾಜ ಅವರನ್ನು ಒದ್ದ.

"ಅದನ್ನ ಹಚ್ಚಬ್ಯಾಡ್ರಿ," ಸುಂಕಲಮ್ಮ ಬಾಗಿಲಿನಿಂದ ಅಂದಳು. "ಹಚ್ಚಿದ್ರ ಏನಾಕ್ಕೈತಿ ಅಂತ ನಾ ಐದ ದಿನ ನೋಡೀನಿ. ಆಸ್ಪತ್ರಿಯಾಗ ಹೇಳಿದ್ರು, ತಣ್ಣೀರಾಗ ಹಿಡೀಬೇಕಂತ. ಅಲ್ಲಿ ಐತಿ ನೋಡ್ರಿ ನಳ. ಕೇರಿ ಮಂದಿ ಕುಡಿಯೂ ನಳ. ಬೇಕಿದ್ರ ಹಿಡೀರಿ."

ಅವನು ಆ ನಳದತ್ತ ಓಡಿದ. ಪಾಚಿಗಟ್ಟಿದ ಕಟ್ಟೆಯ ಮೇಲೆ ಮೊಣಕಾಲೂರಿ ಕೂತು ಕೈ ಒಡ್ಡಿದ. ಡ್ರೈವರ್ ಕಾರು ತಂದು ಹಿಂದೆ ನಿಲ್ಲಿಸಿದರೂ ನೀರು ಬಿಟ್ಟು ಏಳಲು ಅವನಿಂದಾಗಲಿಲ್ಲ. ಎಡಗೈಯಲ್ಲಿ ಫೋನು ಕಿವಿಗಿಟ್ಟು, "ಕೊಲ್ಲಾಕ ಬಂದಿದ್ರು, ಕೇರಿಯವರು, ಬಾಯ್ಲರ್ ಕೆಡಿಸ್ಯಾರ," ಅನ್ನುತ್ತಿದ್ದ.

ಹಬೆ ಮೇಲೆ ಹೋಗಿ ತಣ್ಣಗಾಗಿ ಹನಿಯಾಗಿ ಕಣದ ಮೇಲೆ ಉದುರತೊಡಗಿತು. ಒಣಗಲು ಬಂದಿದ್ದ ಭತ್ತದ ಮೇಲೆ ಸೋನೆ. "ತಾಡಪತ್ರಿ ಎಳೀರಲೇ, ಭತ್ತ ತೋಯ್ತೈತಿ," ನಳದ ಕಟ್ಟೆಯಿಂದಲೇ ಪ್ರಭುರಾಜ ಒದರಿದ. ಕಣದ ಹೆಂಗಸರು ಗೆರೆಯ ಆಚೆ ಹಾಗೇ ನಿಂತಿದ್ದರು. ಪೂಜೆ ಮುಗಿಯುವವರೆಗೆ ದಾಟಬಾರದೆಂದು ಅವರಿಗೆ ಹೇಳಿದ್ದರು.

ಪೊಲೀಸ್ ಜೀಪು ಬಂದಾಗ ಹಬೆ ಇನ್ನೂ ಸಣ್ಣಗೆ ಸೀಟಿ ಹಾಕುತ್ತಿತ್ತು. ಇಳಿದ ಹವಾಲ್ದಾರ ಲಾಠಿ ಕಂಕುಳಲ್ಲಿಟ್ಟು ಸುತ್ತ ನೋಡಿದ.

"ದೇವರ ಗಂಟು ಬಿಚ್ಚಿ ಬಾಯ್ಲರ್ ಕೆಡಿಸ್ಯಾರಂತ ಕಂಪ್ಲೇಂಟ್ ಐತಿ. ಯಾರಲೇ ಬಿಚ್ಚಿದಾಂವ?"

ಎಲ್ಲರ ಕಣ್ಣೂ ನಳದ ಕಡೆಗಿತ್ತು.

"ಸಾವ್ಕಾರ್ರ ಬಿಚ್ಯಾರ್ರಿ," ಅಂದ ಬಡೇಸಾಬ. "ನಾವು ಎಂಬತ್ತ ಮಂದಿ ನೋಡೀವಿ. ಒಳಗಿಂದ ಏನ್ ಬಿತ್ತು ಅಂತನೂ ನೋಡೀವಿ. ಮೂರ ವರ್ಷದ ಹಿಂದ ಕಟ್ಟಿದ್ದೂ ನಾ ನೋಡೀನ್ರಿ. ಅವತ್ತ ಹೇಳಿಲ್ಲ, ಅದ ನನ್ನ ತಪ್ಪು."

ಹವಾಲ್ದಾರ ಪ್ರಭುರಾಜನ ಕೈ ನೋಡಿ, ಬಾಗಿಲಲ್ಲಿ ಬಿದ್ದಿದ್ದ ಕಬ್ಬಿಣ ನೋಡಿ, ತಲೆ ಕೆರೆದುಕೊಂಡ. "ಅದೆಲ್ಲ ಆಮ್ಯಾಲ. ಈ ಹೆಂಗಸ ಮೊದ್ಲ ಜೀಪ್ ಹತ್ತಲಿ."

ಸುಂಕಲಮ್ಮ ನಡೆದು ಬಂದಳು. ಜೀಪು ಹತ್ತಲಿಲ್ಲ. ಅದರ ಮುಂದೆ, ಬಂಪರಿಗೆ ಬೆನ್ನು ಹಚ್ಚಿ, ಕಾಲು ಚಾಚಿ ನೆಲಕ್ಕೆ ಕೂತಳು.

"ಬರ್ತೀನ್ರಿ ಸಾಹೇಬ್ರ, ಎಲ್ಲಿಗಂದ್ರ ಅಲ್ಲಿಗೆ. ಮೊದ್ಲ ಬರಕೋರಿ. ಓಬಳೆಪ್ಪ ಗಂಟು ಮುಟ್ಟಿರಲಿಲ್ಲ ಅಂತ ಬರಕೋರಿ. ಇಲ್ಲೇ, ನನ್ನ ಮುಂದ. ಓದಿ ಹೇಳ್ರಿ. ಅಲ್ಲಿತನಕ ಗಾಡಿ ಹೊಂಡಂಗಿಲ್ಲ."

ಹವಾಲ್ದಾರ ಡ್ರೈವರನಿಗೆ ಕಣ್ಣು ಹೊಡೆದ. ಜೀಪು ಶುರುವಾಗಿ ಗುರ್ ಅಂದಿತು, ಒಂದು ಗೇಣು ಮುಂದೆ ಬಂತು. ಬಂಪರು ಅವಳ ಬೆನ್ನನ್ನು ಬಗ್ಗಿಸಿತು. ಅವಳು ಏಳಲಿಲ್ಲ. ರವಿ ಬೂದಿಗೈಯಲ್ಲೇ ಬಂದು ಅತ್ತಿಗೆಯ ಪಕ್ಕದಲ್ಲಿ ಕೂತ. ಭೀಮಕ್ಕ ಸುಣ್ಣದ ಗೆರೆ ದಾಟಿದಳು. ಇಂಜಿನ್ ನಡೆಯುತ್ತಲೇ ಇತ್ತು. ಹವಾಲ್ದಾರನ ಜೇಬಿನಲ್ಲಿ ಪೆನ್ನು ಇತ್ತು, ಅವನ ಕೈ ಅಲ್ಲಿಗೂ ಹೋಗಲಿಲ್ಲ, ಲಾಠಿಗೂ ಹೋಗಲಿಲ್ಲ.